ಎರಡನೇ ಟಕ್

"ಅಮ್ಮ, ಬೇಗ ತೆಗಿ. ನನ್ನ ಮನೆ ನೆನೀತಿದೆ."

ಶಾಲೆಯ ಗೇಟಿನ ಹೊರಗೆ ಮಳೆಯಲ್ಲಿ ನಿಂತು ಗಡಿಬಿಡಿ ಎಂಬ ಹುಡುಗಿ ಕಾರಿನ ಹಿಂದಿನ ಬಾಗಿಲ ಹಿಡಿಯನ್ನು ಎಳೆದಳು. ಬಾಗಿಲು ಬರಲಿಲ್ಲ. ಮತ್ತೆ ಎಳೆದಳು. ಊಹೂಂ. ಇನ್ನೊಂದು ಕೈಯಲ್ಲಿ ರಟ್ಟಿನ ಮನೆಯನ್ನು ಎದೆಗೆ ಅವುಚಿಕೊಂಡಿದ್ದಳು. ಕಿಟಕಿ, ಮೆಟ್ಟಿಲು, ಬೆಂಕಿಕಡ್ಡಿ ಜೋಡಿಸಿದ ಚಾವಣಿ, ಎಲ್ಲ ಇದ್ದ ಮನೆ. ರಾತ್ರಿ ಬಣ್ಣ ಹಚ್ಚಿ ನಾಳೆ ಶಾಲೆಯ ಎಕ್ಸಿಬಿಶನ್ನಿಗೆ ತರಬೇಕಿತ್ತು.

ಅಮ್ಮ ಕೀಲಿಯ ಗುಂಡಿಯನ್ನು ಒಂದು ಸಲ ಒತ್ತಿದ್ದಳು. ಟಕ್. ತೆರೆದದ್ದು ಡ್ರೈವರ್ ಬಾಗಿಲು ಮಾತ್ರ. ಅವಳು ಒಳಗೆ ಬಗ್ಗಿ ಮುಂದಿನ ಸೀಟು ನೋಡಿದಳು, ಹಿಂದಿನ ಸೀಟು ನೋಡಿದಳು, ಸೀಟಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದಳು. ಆಮೇಲೆ ತಲೆ ಎತ್ತಿ ಆಚೀಚೆ ರಸ್ತೆ ನೋಡಿದಳು. ಎಲ್ಲ ಮುಗಿದ ಮೇಲೆ ಎರಡನೇ ಸಲ ಒತ್ತಿದಳು. ಟಕ್. ಆಗ ಉಳಿದ ಬಾಗಿಲುಗಳು ತೆರೆದುಕೊಂಡವು.

ಅಷ್ಟರಲ್ಲಿ ರಟ್ಟಿನ ಗೋಡೆಗಳು ನೆನೆದ ಹಪ್ಪಳದ ಹಾಗೆ ಮೆತ್ತಗಾಗಿದ್ದವು. ಚಾವಣಿ ಒಂದು ಕಡೆ ಜಾರಿ ಬಿತ್ತು. ತರಗತಿಯಲ್ಲಿ ಪಕ್ಕದ ಬೆಂಚಿನವಳು ಛತ್ರಿ ಹಿಡಿದು ಹೋಗುತ್ತ ನಿಂತು ನೋಡಿ, ನಿಮ್ಮ ಕಾರಿಗೇ ನೀನು ಬೇಡವಾ ಅಂತ ಕೇಳಿ ಕಿಸಕ್ಕನೆ ನಕ್ಕಳು. ಅವಳ ಜೊತೆಗಿದ್ದವರೂ ನಕ್ಕರು.

ಗಡಿಬಿಡಿ ಎಂದು ಯಾರೂ ಹೆಸರಿಡುವುದಿಲ್ಲ, ಅದು ತಾನಾಗಿ ಬಂದು ಅಂಟಿಕೊಂಡದ್ದು. ಲೇಸ್ ಕಟ್ಟದೆ ಓಡುವವಳು, ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವವಳು, ಬಿಸಿ ಹಾಲು ಕುಡಿದು ನಾಲಿಗೆ ಸುಟ್ಟುಕೊಳ್ಳುವವಳು. ಅಂಥವಳನ್ನು ಒಂದು ಕಾರಿನ ಬಾಗಿಲು ದಿನಾ ಕಾಯಿಸಿದರೆ ಹೇಗಿರಬೇಡ?

ಮೊದಲು ಹೀಗಿರಲಿಲ್ಲ. ಅಮ್ಮ ಒಂದು ಸಲ ಒತ್ತಿದರೆ ನಾಲ್ಕೂ ಬಾಗಿಲು ತೆರೆಯುತ್ತಿದ್ದವು. ಅಮ್ಮ ಹತ್ತುವ ಮೊದಲೇ ಗಡಿಬಿಡಿ ಒಳಗೆ ಕೂತು ಬಿಸ್ಕತ್ತಿನ ಪೊಟ್ಟಣ ಬಿಚ್ಚಿರುತ್ತಿದ್ದಳು. ಅಮ್ಮ ಹಾಡು ಗುನುಗುತ್ತ ಗಾಡಿ ಓಡಿಸುತ್ತಿದ್ದಳು.

ಎಲ್ಲ ಕೆಟ್ಟದ್ದು ಅಮ್ಮ ಫೋನು, ಬ್ಯಾಗು ಎರಡನ್ನೂ ಕಳೆದುಕೊಂಡು ಬಂದ ಮೇಲೆ. ಎಲ್ಲಿ ಬಿಟ್ಟೆನೋ ನೆನಪಿಲ್ಲ ಅಂದಿದ್ದಳು. ಗಡಿಬಿಡಿಗೆ ಅದು ದೊಡ್ಡ ತಮಾಷೆ. ಅಂದಿನಿಂದ ಬೆಳಿಗ್ಗೆ ಬೆಳಿಗ್ಗೆ, ಫೋನ್ ತಗೊಂಡ್ಯಾ ಮರೆಗುಳಿ ಅಮ್ಮ, ಅಂತ ಕೇಳುವುದೇ ಕೇಳುವುದು. ಅಮ್ಮ ತುಟಿಯಲ್ಲಷ್ಟೇ ನಗುತ್ತಿದ್ದಳು.

ಅದಾದ ವಾರದಲ್ಲೇ ಮಾವ ಮನೆಗೆ ಬಂದಿದ್ದ. ಮಾವ ಎಂದರೆ ಅಮ್ಮನ ತಮ್ಮ, ಕಾರ್ ಸರ್ವಿಸ್ ಮಾಡುವ ಕಡೆ ಕೆಲಸ. ಅವನು ಕಾರಿನ ಸ್ಕ್ರೀನಿನಲ್ಲಿ ಬೆರಳಾಡಿಸಿ ಬಾಗಿಲಿನ ಸೆಟ್ಟಿಂಗ್ ತೆಗೆದ. ಅಲ್ಲಿ ಎರಡು ಸಾಲು ಇದ್ದವು. ಒಂದು, ಎಲ್ಲ ಬಾಗಿಲು. ಇನ್ನೊಂದು, ಡ್ರೈವರ್ ಬಾಗಿಲು ಮಾತ್ರ.

"ಇದು ಅನುಕೂಲ, ಅದು ಸೇಫ್ಟಿ. ನಿಂಗೆ ಯಾವುದು ಬೇಕು ನೋಡಕ್ಕ," ಅಂದಿದ್ದ.

ಅಮ್ಮ ಯೋಚನೆಯನ್ನೇ ಮಾಡಲಿಲ್ಲ. ಎರಡನೆಯದರ ಮೇಲೆ ಬೆರಳಿಟ್ಟಳು. ಹಿಂದಿನ ಸೀಟಿನಲ್ಲಿ ಕೂತು ಗಡಿಬಿಡಿ ಎಲ್ಲವನ್ನೂ ನೋಡಿದ್ದಳು. ಯಾವುದನ್ನು ಒತ್ತಿದರೆ ಏನಾಗುತ್ತದೆ ಎಂಬುದು ಒಂದೇ ನೋಟಕ್ಕೆ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

ಎಕ್ಸಿಬಿಶನ್ನಿನ ದಿನ ಅವಳ ಮೇಜಿನ ಮೇಲೆ ಇದ್ದದ್ದು ಸೊಟ್ಟ ಮನೆ. ಟೀಚರ್ ಏನೂ ಅನ್ನಲಿಲ್ಲ, ಮೇಜನ್ನು ಮೂಲೆಗೆ ಸರಿಸಿದರು ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಗಡಿಬಿಡಿಗೆ. ಅವತ್ತು ಇಡೀ ದಿನ ಅಮ್ಮನ ಮೇಲೆ ಸಿಟ್ಟು. ಅಷ್ಟೊಂದು ನೋಡುವುದಕ್ಕೆ ಆ ಕಾರಿನಲ್ಲಿ ಏನು ನಿಧಿ ಇದೆಯಾ?

ಸಂಜೆ ಅಮ್ಮನಿಗೆ ಮನೆಮನೆಗೆ ಹೋಗುವ ಕೆಲಸ. ಆಸ್ಪತ್ರೆಗೆ ಬರಲಾಗದ ರೋಗಿಗಳ ರಕ್ತ ತೆಗೆದು ಲ್ಯಾಬಿಗೆ ಕೊಡಬೇಕು. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಸಂಜೆಯ ಪಾಳಿ, ಹಾಗಾಗಿ ಗಡಿಬಿಡಿಯೂ ಅಮ್ಮನ ಜೊತೆಗೇ ಹೊರಡುತ್ತಿದ್ದಳು. ಅಮ್ಮನ ಕೈ ಎಷ್ಟು ಹಗುರ ಎಂದರೆ ಸೂಜಿ ಹೋದದ್ದೂ ಗೊತ್ತಾಗುವುದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಕೆಲವರು ಲ್ಯಾಬಿಗೆ ಫೋನ್ ಮಾಡಿ, ಆ ನೋವಿಲ್ಲದ ಮೇಡಮ್ಮನ್ನೇ ಕಳಿಸಿ ಅಂತ ಕೇಳುತ್ತಿದ್ದರು. ಗಡಿಬಿಡಿಗೆ ಇದೊಂದು ವಿಷಯದಲ್ಲಿ ಅಮ್ಮನ ಮೇಲೆ ಬಹಳ ಜಂಬ.

ಅವತ್ತು ಶಾಲೆಯಿಂದ ಮನೆಗೆ ಬಂದ ಮೇಲೆ, ಬಿಳಿ ಕೋಟು ಹಾಕಿಕೊಳ್ಳುತ್ತ ಅಮ್ಮ ಕೀಲಿ ಕೊಟ್ಟು, ರಕ್ತದ ಟ್ಯೂಬುಗಳನ್ನಿಡುವ ಐಸ್ ಬಾಕ್ಸನ್ನು ಕಾರಿನಲ್ಲಿಡಲು ಹೇಳಿದಳು. ಗಡಿಬಿಡಿ ಬಾಕ್ಸನ್ನು ಹಿಂದಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿದಳು. ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತಳು. ಸ್ಕ್ರೀನ್ ಬೆಳಗಿತು. ಬಾಗಿಲಿನ ಸೆಟ್ಟಿಂಗ್ ಸಿಕ್ಕಿತು. ಎರಡು ಸಾಲು.

ಅವಳು ಮನೆಯ ಕಡೆ ಒಮ್ಮೆ ನೋಡಿದಳು. ಎಲ್ಲ ಬಾಗಿಲು ಎಂಬುದನ್ನು ಒತ್ತಿದಳು. ಹಾಳಾಗಿ ಹೋಗಲಿ ಆ ಎರಡನೇ ಟಕ್, ಅಂದುಕೊಂಡಳು.

ಮೊದಲು ಹೋಗಬೇಕಾದದ್ದು ಲ್ಯಾಬಿಗೆ, ಖಾಲಿ ಟ್ಯೂಬುಗಳನ್ನು ತರಲು. ಲ್ಯಾಬ್ ಇದ್ದದ್ದು ಆಸ್ಪತ್ರೆಯ ಹಿಂದೆ. ಅಲ್ಲಿ ಯಾವಾಗಲೂ ಜನ, ಯಾವಾಗಲೂ ಕಾರು, ಅದರಲ್ಲೂ ಅರ್ಧ ಬಿಳಿಯವು. ಟ್ಯೂಬು ತೆಗೆದುಕೊಂಡು ಇಬ್ಬರೂ ಕಾರಿನ ಹತ್ತಿರ ಬಂದರು. ಗಡಿಬಿಡಿ ಎಂದಿನಂತೆ ಅಮ್ಮನ ಬೆನ್ನ ಹಿಂದೆ ನಿಂತಳು. ಈಗ ಅಮ್ಮ ಒತ್ತುತ್ತಾಳೆ, ತಾನು ಫಟ್ ಅಂತ ಬಾಗಿಲು ತೆಗೆದು ಕೂತುಬಿಡುತ್ತೇನೆ, ಅಮ್ಮ ಕಣ್ಣು ಕಣ್ಣು ಬಿಡುತ್ತಾಳೆ. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ಅಮ್ಮ ಒಂದು ಸಲ ಒತ್ತಿದಳು. ಟಕ್. ತನ್ನ ಬಾಗಿಲು ತೆಗೆದು ಒಳಗೆ ಬಗ್ಗಿದಳು.

ಅದೇ ಹೊತ್ತಿಗೆ ಆ ಕಡೆಯ ಮುಂಬಾಗಿಲು ತೆರೆಯಿತು. ಒಬ್ಬ ಮನುಷ್ಯ ಒಳಗೆ ಬಂದು ಧೊಪ್ಪನೆ ಕೂತ.

ಅಮ್ಮ ಕೂಗಲಿಲ್ಲ. ಅವಳ ಗಂಟಲಿನಿಂದ ಸಣ್ಣದೊಂದು ಸದ್ದು ಬಂತು, ಅಷ್ಟೆ. ಅವಳ ಕೈ ಹಿಂದಕ್ಕೆ ಬಂದು ಗಡಿಬಿಡಿಯ ಮಣಿಕಟ್ಟನ್ನು ಹಿಡಿದು, ತನ್ನ ಬೆನ್ನಿನ ಮರೆಗೆ ಒತ್ತಿತು. ಕೀಲಿ ನೆಲಕ್ಕೆ ಬಿತ್ತು. ಟ್ಯೂಬಿನ ಚೀಲವೂ ಬಿತ್ತು. ಮಣಿಕಟ್ಟು ನೋಯುತ್ತಿತ್ತು, ಅಮ್ಮ ಬಿಡಲಿಲ್ಲ.

ಕೂತವರು ಒಬ್ಬ ಅಜ್ಜ. ಮಡಿಲಲ್ಲಿ ಔಷಧಿಯ ಚೀಲ, ಕೈಯಲ್ಲಿ ಬ್ಯಾಂಡೇಜು. ಬೆಲ್ಟ್ ಎಳೆದುಕೊಳ್ಳುತ್ತ, ಎಷ್ಟು ಹೊತ್ತು ಕಾಯಿಸ್ತೀಯ ಮಗಳೇ ಅಂತ ಈ ಕಡೆ ತಿರುಗಿದರು. ತಿರುಗಿ ನೋಡಿದರೆ ಮಗಳಲ್ಲ. ಅಜ್ಜ ತಬ್ಬಿಬ್ಬಾದರು. ಅಷ್ಟರಲ್ಲಿ ಎರಡು ಕಾರಿನಾಚೆಯಿಂದ ಅವರ ಮಗಳು ಓಡಿ ಬಂದಳು. ಅಪ್ಪ, ಅದು ನಮ್ಮ ಕಾರಲ್ಲ, ಅಂತ ನಕ್ಕಳು. ಅಲ್ಲಿದ್ದ ವಾಚ್‌ಮನ್ನೂ ನಕ್ಕ. ಬಿಳಿ ಕಾರೆಲ್ಲ ಒಂದೇ ಥರ, ನಾನೇನು ಮಾಡ್ಲಿ, ತಪ್ಪು ತಿಳೀಬೇಡ ತಾಯಿ, ಅಂತ ಅಜ್ಜ ಬ್ಯಾಂಡೇಜಿನ ಕೈ ಎತ್ತಿ ಮುಗಿದರು.

ಗಡಿಬಿಡಿಗೂ ನಗು ಬಂತು. ಬಂದ ನಗು ಅಮ್ಮನ ಮುಖ ನೋಡಿ ಅರ್ಧಕ್ಕೇ ನಿಂತಿತು. ಅಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವರೆಲ್ಲ ಹೋದ ಮೇಲೂ ಅವಳು ಕಾರಿಗೆ ಒರಗಿ ನಿಂತೇ ಇದ್ದಳು. ಬಿದ್ದ ಕೀಲಿಯನ್ನು ಎತ್ತಲು ಹೋದರೆ ಬೆರಳಿಗೆ ಸಿಗಲೇ ಇಲ್ಲ. ಗಡಿಬಿಡಿಯೇ ಕೀಲಿ, ಚೀಲ ಎರಡನ್ನೂ ಎತ್ತಿ ಕೊಟ್ಟಳು.

ಕಾರಿನಲ್ಲಿ ಕೂತು, ಬಾಗಿಲುಗಳಿಗೆಲ್ಲ ಬೀಗ ಹಾಕಿ, ಅಮ್ಮ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟಳು.

"ಅವತ್ತು ಫೋನ್ ಕಳೆದುಹೋಗ್ಲಿಲ್ಲ ಕಣೆ," ಅಂದಳು.

ಗಡಿಬಿಡಿ ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿದಳು.

"ಇಲ್ಲೇ, ಹೀಗೇ ಒಬ್ಬ ಬಂದು ಪಕ್ಕದಲ್ಲಿ ಕೂತ. ಬ್ಯಾಗ್ ಕೊಡು, ಫೋನ್ ಕೊಡು ಅಂದ. ಕೂಗೋಣ ಅಂದ್ರೆ ಬಾಯೇ ಬರ್ಲಿಲ್ಲ. ಕೊಟ್ಬಿಟ್ಟೆ. ಅವನು ಆರಾಮಾಗಿ ಇಳಿದು ನಡ್ಕೊಂಡು ಹೋದ. ನಿಂಗೆ ಭಯ ಆಗುತ್ತೆ ಅಂತ ಹೇಳ್ಲಿಲ್ಲ."

ಮರೆಗುಳಿ ಅಮ್ಮ. ಆ ಮಾತು ಗಡಿಬಿಡಿಯ ಕಿವಿಯಲ್ಲೇ ಕೂತಿತ್ತು. ದಿನಾ ಬೆಳಿಗ್ಗೆ ತಾನು ಹಲ್ಲು ಕಿರಿದು ಕೇಳುತ್ತಿದ್ದದ್ದು, ಅಮ್ಮ ಚಪ್ಪಲಿ ಹಾಕಿಕೊಳ್ಳುತ್ತ ತುಟಿಯಲ್ಲಿ ನಗುತ್ತಿದ್ದದ್ದು. ಅವಳಿಗೆ ನಾಚಿಕೆಯಾಯಿತು. ಎಷ್ಟು ನಾಚಿಕೆ ಎಂದರೆ ಸೀಟಿನ ಕೆಳಗೆ ಹೋಗಿ ಕೂತುಬಿಡೋಣ ಅನ್ನಿಸುವಷ್ಟು.

ಅಮ್ಮ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. "ಇವತ್ತು ನಾನೇ ಎರಡು ಸಲ ಒತ್ತಿದ್ನೇನೋ. ಒಂದು ಗುಂಡಿ ಒತ್ತೋಕೂ ಈ ಕೈಗೆ ಬುದ್ಧಿ ಇಲ್ಲ ಅಂದ್ರೆ, ಇದರಲ್ಲಿ ಸೂಜಿ ಹೇಗೆ ಹಿಡೀಲಿ? ಯಾರಿಗಾದ್ರೂ ಏನಾದ್ರೂ ಆದ್ರೆ?"

ಇನ್ನು ಈ ಕೆಲಸ ತನ್ನಿಂದಾಗದು, ನಾಳೆಯಿಂದ ಬರುವುದಿಲ್ಲ ಎಂದು ಲ್ಯಾಬಿಗೆ ಹೇಳಿಬಿಡುತ್ತೇನೆ ಅಂದಳು. ಹೇಳುತ್ತಲೇ ಫೋನ್ ಕೈಗೆ ತೆಗೆದುಕೊಂಡಳು. ಫೋನಿನ ಬೆಳಕು ಅವಳ ಗಲ್ಲದ ಮೇಲೆ ಬಿತ್ತು. ಗಲ್ಲ ಒದ್ದೆಯಾಗಿತ್ತು.

ಗಡಿಬಿಡಿ ಕಾರಿನ ಸ್ಕ್ರೀನನ್ನು ನೋಡಿದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ರಾತ್ರಿ ಸೆಟ್ಟಿಂಗನ್ನು ಮೊದಲಿನ ಹಾಗೆ ಮಾಡಿಟ್ಟರೆ ಮುಗಿಯಿತು. ಆದರೆ ಅಮ್ಮನ ಹೆಬ್ಬೆರಳು ಲ್ಯಾಬಿನ ನಂಬರನ್ನು ಹುಡುಕುತ್ತಿತ್ತು.

"ನೀನು ಒಂದೇ ಸಲ ಒತ್ತಿದ್ದು," ಅಂದಳು ಗಡಿಬಿಡಿ.

ಅಮ್ಮ ಕನ್ನಡಿಯಲ್ಲಿ ನೋಡಿದಳು.

"ನಾನು ಸೆಟ್ಟಿಂಗ್ ಬದಲಾಯಿಸಿದ್ದೆ. ಮನೆ ಹತ್ರ, ಬಾಕ್ಸ್ ಇಡೋಕೆ ಹೋದಾಗ. ನಿನ್ನ ಕೈ ಸರಿಯಾಗೇ ಇದೆ ಅಮ್ಮ. ನಂದೇ ತಪ್ಪು."

ಬೈಗುಳ ಬರುತ್ತದೆ ಎಂದು ಗಡಿಬಿಡಿ ಕಣ್ಣು ಮುಚ್ಚಿಕೊಂಡಳು. ಬರಲಿಲ್ಲ. ಕಾರಿನ ಚಾವಣಿಯ ಮೇಲೆ ಹನಿ ಬೀಳಲು ಶುರುವಾಯಿತು. ಗಾಜಿನ ಮೇಲೆ ಇಳಿಯುವ ನೀರನ್ನೇ ಅಮ್ಮ ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತು ಸುಮ್ಮನೆ ಕೂತಿರುವುದು ಗಡಿಬಿಡಿಗೆ ಜೀವನದಲ್ಲೇ ಮೊದಲು.

"ಒಂದೇ ಸಲ ಒತ್ತಿದ್ನಾ?" ಅಂತ ಅಮ್ಮ ಕೊನೆಗೆ ಕೇಳಿದಳು.

"ಒಂದೇ ಸಲ. ನಾನು ಕೇಳಿಸ್ಕೊಂಡೆ."

ಅಮ್ಮ ಫೋನನ್ನು ಕೆಳಗಿಟ್ಟಳು. ಮುಂದೆ ಬಂದು ಅದನ್ನು ಮೊದಲಿನ ಹಾಗೆ ಮಾಡು ಅಂದಳು. ಗಡಿಬಿಡಿ ಎರಡು ಸೀಟಿನ ನಡುವೆ ತೂರಿ, ಕೈ ಚಾಚಿ, ಡ್ರೈವರ್ ಬಾಗಿಲು ಮಾತ್ರ ಎಂಬುದನ್ನು ಒತ್ತಿದಳು. ಇಬ್ಬರೂ ಆ ಸಾಲನ್ನೇ ನೋಡಿದರು. ಅಮ್ಮ ಪರವಾಗಿಲ್ಲ ಅಂತಲೂ ಅನ್ನಲಿಲ್ಲ, ಹತ್ತಿರಕ್ಕೂ ಎಳೆದುಕೊಳ್ಳಲಿಲ್ಲ. ಗಾಡಿ ಹೊರಟಿತು.

ಅವತ್ತಿನ ಮೊದಲ ರೋಗಿ ಎರಡನೇ ಮಹಡಿಯ ಒಬ್ಬ ಅಜ್ಜಿ. ತೋಳು ಕೋಲಿನಷ್ಟು ಸಣ್ಣ, ಚರ್ಮದ ತುಂಬ ನೀಲಿ ಕಲೆ. ಹಿಂದಿನ ವಾರ ಬೇರೆ ಯಾರೋ ಬಂದು ಚುಚ್ಚಿ ಚುಚ್ಚಿ ಸಾಕುಮಾಡಿದ್ದರಂತೆ. ನೀನೇ ಬಂದೆಯಲ್ಲ, ಬದುಕಿದೆ, ಅಂತ ಅಜ್ಜಿ ಹೇಳಿದಾಗ ಅಮ್ಮ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು. ಬೆರಳಿನಿಂದ ನರ ಹುಡುಕಿದಳು. ಸೂಜಿ ಎತ್ತಿಕೊಂಡಳು.

ಸೂಜಿಯ ತುದಿ ಸಣ್ಣಗೆ ನಡುಗಿತು. ಅಮ್ಮ ಅದನ್ನು ಹಿಂದೆಳೆದು ಉಸಿರು ಬಿಟ್ಟಳು. ಗಡಿಬಿಡಿ ಐಸ್ ಬಾಕ್ಸನ್ನು ತಬ್ಬಿಕೊಂಡು ನಿಂತಿದ್ದಳು. ಅಮ್ಮ ತಲೆ ಎತ್ತಿ ಅವಳನ್ನು ನೋಡಿದಳು. ಗಡಿಬಿಡಿ ಒಂದು ಬೆರಳು ಎತ್ತಿ ತೋರಿಸಿದಳು. ಒಂದೇ ಸಲ.

ಅಮ್ಮ ಮತ್ತೆ ಬಗ್ಗಿದಳು. ಟ್ಯೂಬಿನೊಳಗೆ ಕಡುಗೆಂಪು ಗೆರೆ ಏರಿತು. ಅಜ್ಜಿ ಇನ್ನೂ ಕಣ್ಣು ಮುಚ್ಚಿಕೊಂಡು, ಚುಚ್ಚಮ್ಮ, ಚುಚ್ಚು, ಪರವಾಗಿಲ್ಲ, ಅನ್ನುತ್ತಿದ್ದರು. ಆಗಲೇ ಆಯ್ತಜ್ಜಿ ಅಂದಳು ಅಮ್ಮ.

ಕೆಳಗೆ ಬಂದಾಗ ಕತ್ತಲಾಗುತ್ತಿತ್ತು, ಮಳೆ ಬಿರುಸಾಗಿತ್ತು. ರಸ್ತೆಯ ದೀಪಗಳಲ್ಲಿ ಒಂದು ಉರಿಯುತ್ತಿರಲಿಲ್ಲ. ದೂರದಲ್ಲಿ ಯಾರೋ ಛತ್ರಿ ಹಿಡಿದು ಈ ಕಡೆಗೇ ಬರುತ್ತಿದ್ದರು. ಅಮ್ಮನ ನಡಿಗೆ ಬಿಗಿಯಾದದ್ದು ಗಡಿಬಿಡಿಗೆ ಗೊತ್ತಾಯಿತು. ಇಷ್ಟು ದಿನ ಅದು ತನಗೆ ಕಂಡಿರಲೇ ಇಲ್ಲವಲ್ಲ, ಅಂದುಕೊಂಡಳು.

ಅಮ್ಮ ಒಂದು ಸಲ ಒತ್ತಿದಳು. ಟಕ್. ಒಳಗೆ ಬಗ್ಗಿ ಮುಂದಿನ ಸೀಟು ನೋಡಿದಳು, ಟಾರ್ಚ್ ತೆಗೆದಳು.

ಗಡಿಬಿಡಿ ಅಮ್ಮನ ಬೆನ್ನಿಗೆ ತನ್ನ ಬೆನ್ನು ಕೊಟ್ಟು ನಿಂತಳು. ಮಳೆ ನೀರು ಕಾಲರಿನೊಳಗಿಂದ ಇಳಿಯಿತು. ಛತ್ರಿಯವರು ಹತ್ತಿರ ಬಂದರು. ಅವಳು ಅವರನ್ನು ನೆಟ್ಟಗೆ ನೋಡಿದಳು. ಅವರು ದಾಟಿಕೊಂಡು ಹೋದರು.

"ನೆನೀತಿದೀಯಾ?" ಅಂತ ಅಮ್ಮ ಒಳಗಿನಿಂದಲೇ ಕೇಳಿದಳು.

"ಇಲ್ಲ. ನಿಧಾನಕ್ಕೆ ನೋಡು," ಅಂದಳು ಗಡಿಬಿಡಿ.

ಎರಡನೇ ಟಕ್ ಕೇಳುವವರೆಗೂ ಅವಳು ಹಿಡಿಯನ್ನು ಮುಟ್ಟಲಿಲ್ಲ. ರಸ್ತೆಯನ್ನೇ ನೋಡುತ್ತ ನಿಂತಿದ್ದಳು.