ರೋಸ್‌ಮರಿ ಮೊಳೆಯುವ ತನಕ

“ರೀ ಮೇಡಂ! ಇವತ್ತಷ್ಟೇ ಹಾಕ್ಕೊಂಡ ಹೊಸ ಅಂಗಿ ಕಣ್ರೀ ಇದು!”

ಮೆಟ್ಟಿಲು ಹತ್ತುತ್ತಿದ್ದ ಬೇಕರಿಯವನ ಹೆಗಲ ಮೇಲೆ ಕೆಸರುನೀರು ತೊಟ್ಟಿಕ್ಕುತ್ತಿತ್ತು. ಮೇಲೆ, ತನ್ನ ಬಾಗಿಲೆದುರಿನ ಕಟ್ಟೆಯ ಬಳಿ ಚೊಂಬು ಹಿಡಿದು ನಿಂತಿದ್ದ ಟೈಲರಮ್ಮ ಬೆಚ್ಚಿದಳು.

“ಅಯ್ಯೋ... ನೋಡ್ಲಿಲ್ಲ! ರೋಸ್‌ಮರಿ ಬೀಜ ಹಾಕಿದ್ದೆ...”

ಅವನು ಬಂದು ಕಟ್ಟೆಯ ಮೇಲಿದ್ದ ಮಣ್ಣಿನ ಟ್ರೇಯೊಳಗೆ ಇಣುಕಿದ. “ಬೀಜಾನಾ? ನೀರು ನೋಡಿ, ಮೀನು ಸಾಕ್ತಿದ್ದೀರೇನೋ ಅಂದ್ಕೊಂಡೆ!”

ಅಮ್ಮ ತೀರಿಕೊಂಡ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಆ ಮನೆಯಲ್ಲಿ ಈಗ ಸದ್ದೆಂದರೆ ಹೊಲಿಗೆ ಯಂತ್ರದ್ದು ಮಾತ್ರ. ಅದು ನಿಂತರೆ ಗೋಡೆಗಳೇ ಮೈಮೇಲೆ ಬಂದಂತಾಗುತ್ತಿತ್ತು. ಜೊತೆಗೊಂದು ಜೀವವಿರಲಿ ಎಂದು ಬೀಜ ತಂದಿದ್ದಳು. ಫೋನಿನಲ್ಲಿ ಅಕ್ಕ ನಕ್ಕಿದ್ದಳು, “ನಿನ್ನ ಕೈಯಲ್ಲಿ ಪುದೀನಾನೂ ಬದುಕಲ್ಲ ಕಣೇ!” ತಮಾಷೆಗೇ ಅಂದಿದ್ದು. ಆದರೂ ಎದೆಗೆ ನಾಟಿತ್ತು.

“ಆಳಕ್ಕೆ ಹೂಳ್ಬೇಡಿ,” ಎಂದ ಅವನು. “ಮಣ್ಣಿನ ಮೇಲೇ ಉದುರಿಸಿ, ಬೆಳಕು ಬೀಳ್ಲಿ. ನಮ್ಮ ಬೇಕರೀಲಿ ಬ್ರೆಡ್ಡಿಗೆ ಹಾಕೋ ಘಮಘಮ ಸೊಪ್ಪೇ ಇದು. ಬಲು ಸೋಮಾರಿ ಬೀಜ, ವಾರಗಟ್ಟಲೆ ಕಾಯಿಸುತ್ತೆ.”

ಇಬ್ಬರೂ ಸೇರಿ ಹೊಸದಾಗಿ ಬಿತ್ತಿದರು.

ಅಂದಿನಿಂದ ಮಹಡಿಯ ಮೇಲಿನ ತನ್ನ ಕೋಣೆಗೆ ಹೋಗುವ ಮುನ್ನ ದಿನಾ ಸಂಜೆ ಅವನು ಕಟ್ಟೆಯ ಬಳಿ ನಿಲ್ಲುತ್ತಿದ್ದ.

“ಏನಂತಾರೆ ಮಹಾರಾಣಿ?”

“ಇನ್ನೂ ಎದ್ದಿಲ್ಲ!”

ಅಷ್ಟೇ ಮಾತಿಗಾಗಿ ಅವಳು ಯಂತ್ರ ನಿಲ್ಲಿಸಿ ಅವನ ಹೆಜ್ಜೆ ಸದ್ದಿಗೆ ಕಿವಿಗೊಡುತ್ತಿದ್ದಳು.

ವಾರಗಳು ಉರುಳಿದರೂ ಮಣ್ಣು ಮಣ್ಣಾಗಿಯೇ ಇತ್ತು.

“ಸಾಕು. ನಾಳೆ ಚೆಲ್ಲಿಬಿಡ್ತೀನಿ,” ಎಂದಳು ಒಂದು ಸಂಜೆ.

ಮರುದಿನ ಬೆಳಿಗ್ಗೆ ಟ್ರೇಯಲ್ಲೊಂದು ಪುಟ್ಟ ಹಸಿರು ಕಡ್ಡಿ!

“ಅಕ್ಕಾ, ಬಂತು ಕಣೇ! ನನ್ನ ಕೈಯಲ್ಲೂ ಬಂತು!” ಫೋನಿನಲ್ಲೇ ಕೂಗಿದಳು.

ಆಮೇಲೆ ಮೆಲ್ಲನೆ ಸವರಿದಳು... ಕಡ್ಡಿ ಬೆರಳಿಗೇ ಬಂತು. ಬೇರಿಲ್ಲ. ಬುಡ ಓರೆಯಾಗಿ, ನುಣ್ಣಗೆ ಕತ್ತರಿಸಿದೆ. ಬಟ್ಟೆ ಕತ್ತರಿಸಿಯೇ ಬದುಕುವವಳಿಗೆ ಕತ್ತರಿಯ ಗುರುತು ತಿಳಿಯದೇ?

ಕನಿಕರ... ಇಷ್ಟು ದಿನ ಅವನು ತೋರಿಸಿದ್ದೆಲ್ಲ ಬರೀ ಕನಿಕರ!

ಸಂಜೆ ಬಾಗಿಲು ಬಡಿದ ಸದ್ದಾದಾಗ ಅರ್ಧವಷ್ಟೇ ತೆರೆದಳು.

“ಬೇಕರಿಯಿಂದ ತಂದು ಸಿಕ್ಕಿಸಿದ್ರಾ?”

“...ಹೂಂ.”

“ಪಾಪ, ಒಂಟಿ ಹೆಂಗಸು, ಖುಷಿಪಡ್ಲಿ ಅಂತಾನಾ?”

“ಪಾಪ ಅನ್ನಿಸಿದ್ದು ನನ್ನ ಮೇಲೇ ಕಣ್ರೀ!” ಎಂದ ಅವನು. “ನೀವು ಟ್ರೇ ಚೆಲ್ಲಿದ್ರೆ ಯಾವ ನೆಪ ಹೇಳ್ಕೊಂಡು ಇಲ್ಲಿ ನಿಲ್ಲಲಿ? ಮೇಲೆ ಹೋದ್ರೆ ಮಾತಾಡ್ಸೋಕೆ ಒಂದು ನರಪಿಳ್ಳೆ ಇಲ್ಲ. ನಿಮ್ಮ ಆ ‘ಇನ್ನೂ ಎದ್ದಿಲ್ಲ’ ಕೇಳೋಕೇ ಇಡೀ ದಿನ ಕಾಯ್ತೀನಿ...”

ಅವಳ ಕಣ್ಣು ತುಂಬಿತು. ತನ್ನ ತಲೆಯ ಮೇಲೂ ಅಂಥದೇ ಒಂದು ಖಾಲಿ ಕೋಣೆಯಿದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

“ಇನ್ನೊಂದ್ಸಲ ಬಿತ್ತೋಣ. ಆದ್ರೆ ಈ ಸಲ ಮೋಸ ಮಾಡ್ಬಾರ್ದು.”

“ಮಾಡಲ್ಲ. ಆದ್ರೆ... ಮೊಳೀದೇ ಹೋದ್ರೆ?”

“ಮತ್ತೆ ಬಿತ್ತೋಣ.”

“ತುಂಬಾ ತಡ ಆಗುತ್ತೆ...”

ಅವಳು ಬಾಗಿಲನ್ನು ಪೂರ್ತಿ ತೆರೆದಳು.

“ಆಗ್ಲಿ ಬಿಡಿ. ಒಳಗೆ ಕೂತ್ಕೊಂಡೇ ಕಾಯೋಣ, ಬನ್ನಿ.”