ಹನ್ನೆರಡು ಜೇನುಹುಳ

ಅಮ್ಮಣ್ಣಿ ಗಂಡನ ಹಿಂದೆ ಹೋದದ್ದು ಅನುಮಾನದಿಂದಲ್ಲ. ಅವನು ನಡೆಯುವುದನ್ನು ದೂರದಿಂದ ಕಣ್ತುಂಬ ನೋಡಬೇಕೆಂಬ ಆಸೆಯಿಂದ.

ಆರು ವರ್ಷ ಸಂಧಿವಾತ ರಾಮಸ್ವಾಮಿಯನ್ನು ಮಂಚಕ್ಕೆ ಕಟ್ಟಿಹಾಕಿತ್ತು. ವಡಾಲದ ಆ ಎರಡನೆಯ ಮಹಡಿಯ ಮನೆಯಲ್ಲಿ ಅವನನ್ನು ಎತ್ತಿ ಕೂರಿಸಿದವಳು, ಸ್ನಾನ ಮಾಡಿಸಿದವಳು, ಮಂಡಿಗೆ ಎಣ್ಣೆ ತಿಕ್ಕಿದವಳು ಅವಳು. ಮಾಟುಂಗದ ಶಾಲೆಯಲ್ಲಿ ಸಂಗೀತ ಕಲಿಸುವ ಕೆಲಸ ಬಿಟ್ಟದ್ದೂ ಅವನಿಗಾಗಿಯೇ. ಡಾಕ್ಟರುಗಳು ಕೈಚೆಲ್ಲಿದ ಮೇಲೆ ಆಂಟಾಪ್ ಹಿಲ್ಲಿನ ಚೆನ್ನಯನನ್ನು ಹುಡುಕಿಕೊಂಡು ಹೋದವಳೂ ಅವಳೇ. ಉಡುಪಿ ಕಡೆಯ ಚೆನ್ನಯ ಗುಡ್ಡದ ಇಳಿಜಾರಿನಲ್ಲಿ ಜೇನುಪೆಟ್ಟಿಗೆ ಇಟ್ಟುಕೊಂಡಿದ್ದ. ಚಿಮಟದಲ್ಲಿ ಒಂದೊಂದೇ ಹುಳ ಹಿಡಿದು ನೋವಿದ್ದಲ್ಲಿ ಕಚ್ಚಿಸುತ್ತಿದ್ದ.

ಚೆನ್ನಯ ಮನೆಗೆ ಬಂದ ಮೊದಲ ದಿನವೇ ಅನಾಹುತವಾಗಿತ್ತು. ಎರಡು ಹುಳಕ್ಕೇ ರಾಮಸ್ವಾಮಿಯ ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಉಸಿರು ಸಿಕ್ಕಿಕೊಂಡಿತ್ತು. ಕೆಳಗಿನ ದವಾಖಾನೆಯ ಡಾಕ್ಟರು ಓಡಿಬಂದು ಇಂಜೆಕ್ಷನ್ ಕೊಟ್ಟು ಉಳಿಸಿದ್ದರು. ಆದರೂ ಅಮ್ಮಣ್ಣಿ ಬಿಡಲಿಲ್ಲ. ಚೆನ್ನಯನ ಕೈಕಾಲು ಹಿಡಿದು ಒಪ್ಪಿಸಿದಳು. ಅವನು ಮೊದಮೊದಲು ಒಂದೇ ಹುಳ ಕಚ್ಚಿಸಿ ಮುಳ್ಳು ನಟ್ಟೊಡನೆ ಕಿತ್ತು, ಆಮೇಲೆ ಪೂರ್ತಿ ಒಂದು, ಆಮೇಲೆ ಎರಡು ಎಂದು ಎಂಟು ತಿಂಗಳಲ್ಲಿ ಹನ್ನೆರಡಕ್ಕೆ ಏರಿಸಿದ. ರಾಮಸ್ವಾಮಿ ಎದ್ದು ನಿಂತ.

"ಒಂದು ಮಾತು ನೆನಪಿಟ್ಟುಕೊಳ್ಳಿ ಅಮ್ಮ," ಎಂದಿದ್ದ ಚೆನ್ನಯ. "ಮಧ್ಯ ಎರಡು ಮೂರು ತಿಂಗಳು ಬಿಟ್ರೆ ಇವರ ಮೈ ಮತ್ತೆ ಮೊದಲಿನ ಹಾಗೇ ಆಗ್ತದೆ. ತಿರುಗಿ ಶುರು ಮಾಡುವಾಗ ಒಂದೇ ಹುಳ. ಹತ್ತು ಹನ್ನೆರಡು ಒಟ್ಟಿಗೆ ಹಾಕಿದ್ರೆ ಗಂಟಲು ಮುಚ್ಚಿ ಜೀವ ಹೋದೀತು, ಆಯ್ತಾ?"

ಚೈತ್ರದಲ್ಲಿ ರಾಮಸ್ವಾಮಿ, "ಇನ್ನು ಸಾಕು, ವಾಸಿಯಾಯ್ತು," ಎಂದು ಚಿಕಿತ್ಸೆ ನಿಲ್ಲಿಸಿದ. ಬಂದರಿನ ಕಚೇರಿಯ ಕೆಲಸಕ್ಕೆ ಮರಳಿದ. ಭಾನುವಾರ ಭಜನೆಗೆ ಹೋಗತೊಡಗಿದ.

ಆ ಭಾನುವಾರ ಅವನು ಸ್ಟೇಷನ್ನಿನ ಮೆಟ್ಟಿಲನ್ನು ಸರಸರ ಹತ್ತಿದಾಗ ಹಿಂದಿದ್ದ ಅಮ್ಮಣ್ಣಿಗೆ ಕಣ್ಣೀರೇ ಬಂತು. ಅವನು ಕುರ್ಲಾದಲ್ಲಿ ಗಾಡಿ ಬದಲಿಸಿದ. ಅವಳೂ ಬದಲಿಸಿದಳು. ಮುಲುಂಡಿನಲ್ಲಿ ಇಳಿದು, ಒಂದು ಹಂಚಿನ ಮನೆಯ ಬಾಗಿಲು ತಟ್ಟಿದ. ತೆರೆದವಳು ವಿನೋದಿನಿ, ಬೆರಳಿನ ಗಂಟುನೋವಿಗೆ ಚೆನ್ನಯನ ಜಗುಲಿಗೆ ಬರುತ್ತಿದ್ದ ಟೀಚರು. ಗಂಡನನ್ನು ಅಲ್ಲಿಗೆ ಕರೆದೊಯ್ದಾಗ ಎಷ್ಟೋ ಸಲ ಅಮ್ಮಣ್ಣಿ ತನ್ನ ಫ್ಲಾಸ್ಕಿನ ಕಾಫಿಯನ್ನು ಅವಳಿಗೂ ಬಗ್ಗಿಸಿ ಕೊಟ್ಟಿದ್ದಳು. ವಿನೋದಿನಿ ನಕ್ಕಳು. ರಾಮಸ್ವಾಮಿ ಹೊಸ್ತಿಲ ಬಳಿ ಬಗ್ಗಿ, ತನ್ನ ಬೂಟಿನ ಲಾಡಿಯನ್ನು ತಾನೇ ಬಿಚ್ಚಿದ.

ಮನೆಯಲ್ಲಿ ಅವನು ಇಂದಿಗೂ ಕಾಲು ಚಾಚಿ ಕೂರುತ್ತಿದ್ದ. "ಬೂಟು ಬಿಚ್ಚೆ ಅಮ್ಮಣ್ಣಿ, ಬಗ್ಗಕ್ಕಾಗಲ್ಲ."

ಅವಳು ಕೂಗಾಡಲಿಲ್ಲ. ಮರಳುವ ಗಾಡಿಯಲ್ಲಿ, ಹೆಂಗಸರ ಡಬ್ಬಿಯ ಮೂಲೆಯಲ್ಲಿ ಕೂತು ತಿಂಗಳುಗಳನ್ನು ಎಣಿಸಿದಳು. ಚಿಕಿತ್ಸೆ ನಿಂತು ಮೂರು ತಿಂಗಳು ತುಂಬಿತ್ತು.

ಅವಸರವಿರಲಿಲ್ಲ. ಮಳೆ ಹಿಡಿಯಿತು. ಒಂದು ಬುಧವಾರ ಮಂಡಿ ಹಿಡಿದುಕೊಂಡಿದೆಯೆಂದು ಅವನೇ ಕಚೇರಿಗೆ ರಜೆ ಹಾಕಿದ. ಅವಳು ಚೆನ್ನಯನಲ್ಲಿಗೆ ಹೋಗಿ ಗಂಡನಿಗೆಂದು ಒಂದು ಹುಳ ಕೇಳಿದಳು. ತನ್ನ ಸೊಂಟಕ್ಕೂ ಬೇಕೆಂದು ಬೇರೆ ಡಬ್ಬಿಯಲ್ಲಿ ಹನ್ನೊಂದು. ಅವಳಿಗೆ ಹುಳ ಕಚ್ಚಿದರೆ ಏನೂ ಆಗುವುದಿಲ್ಲವೆಂದು ಚೆನ್ನಯನಿಗೆ ಗೊತ್ತಿತ್ತು. ನಾಳೆ ಯಾರಾದರೂ ಕೇಳಿದರೆ ಅವನು ಕಂಡದ್ದನ್ನೇ ಹೇಳುತ್ತಾನೆ: ಗಂಡನಿಗೆ ಒಂದು, ಹೆಂಡತಿಗೆ ಹನ್ನೊಂದು. ಮಿಕ್ಕದ್ದನ್ನು ಅವಳು ಹೇಳುತ್ತಾಳೆ: ಹೆಂಡತಿ ನೀರಿಗೆ ಹೋದಾಗ ಗಂಡ ಬೇಗ ವಾಸಿಯಾಗಲೆಂದು ಎರಡೂ ಡಬ್ಬಿ ತೆಗೆದ. ಚೆನ್ನಯನ ಮೇಲೂ ತಪ್ಪು ಬರುವುದಿಲ್ಲ. ಅದನ್ನೂ ಅವಳು ಯೋಚಿಸಿದ್ದಳು. ಕಚ್ಚಿಸುವುದು ಮಂಡಿಗೆ ಮಾತ್ರ, ಅವನದೇ ಕೈಗೆ ಎಟುಕುವ ಜಾಗ. ಹೊತ್ತು ಮಧ್ಯಾಹ್ನ ಎರಡು. ಕೆಳಗಿನ ಡಾಕ್ಟರು ಊಟಕ್ಕೆ ದಾದರಿಗೆ ಹೋದರೆ ನಾಲ್ಕರ ತನಕ ಬರುವುದಿಲ್ಲ.

"ಈ ಸಲ ಹನ್ನೆರಡು ಹಾಕು ಅಂದ್ರು ಚೆನ್ನಯ," ಎಂದಳು.

"ಹೂಂ," ಎಂದ ರಾಮಸ್ವಾಮಿ. ಪೇಪರಿನಿಂದ ಕಣ್ಣೆತ್ತಲಿಲ್ಲ.

ಆ 'ಹೂಂ' ಅವಳನ್ನು ಅಲುಗಿಸಿತು. ಎರಡು ಹುಳಕ್ಕೆ ಸಾವಿನ ಬಾಯಿಗೆ ಹೋಗಿ ಬಂದವನು ಒಂದು ಪ್ರಶ್ನೆಯನ್ನೂ ಕೇಳದೆ ಮಂಡಿ ಚಾಚಿದ್ದಾನೆ. ಇಷ್ಟು ನಂಬುತ್ತಾನಲ್ಲ! ಏಳನೆಯ ಹುಳವನ್ನು ಡಬ್ಬಿಗೇ ಹಿಂದಕ್ಕೆ ಬಿಟ್ಟಳು. ಆಗ ಮುಲುಂಡಿನ ಹೊಸ್ತಿಲು ಕಣ್ಣಮುಂದೆ ಬಂತು. ಅದನ್ನು ಮತ್ತೆ ಹಿಡಿದಳು. ಹನ್ನೆರಡನ್ನೂ ಮುಗಿಸಿ, ಡಬ್ಬಿಗಳನ್ನೂ ಚಿಮಟವನ್ನೂ ಅವನ ಪಕ್ಕದಲ್ಲೇ ಇಟ್ಟು, ಕೊಡ ಎತ್ತಿಕೊಂಡು ಹೊರಬಿದ್ದಳು.

ನಲ್ಲಿಯ ಬಳಿ ಅರ್ಧ ಗಂಟೆ ಕಳೆದಳು. ನಾಲ್ಕು ಜನರೊಡನೆ ಮಾತಾಡಿದಳು. ಮೇಲೆ ಬಂದು ಬಾಗಿಲ ಸಂದಿಯಿಂದ ನೋಡಿದಳು. ಅವನು ಮಂಚದ ಮೇಲೆ ಅಂಗಾತ ಬಿದ್ದಿದ್ದ. ಮುಖದ ಮೇಲೆ ಪೇಪರು. ಒಂದು ಕೈ ಮಂಚದಿಂದ ಕೆಳಗೆ ಜೋತಿತ್ತು. ಒಳಗೆ ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಕೊಡವನ್ನು ಕೈಬಿಟ್ಟು, ಎದುರು ಮನೆಯ ಅಕ್ಕುವಿನ ಬಾಗಿಲಿಗೆ ಓಡಿದಳು. ಬಂದ ಅಳು ಮಾತ್ರ ನಿಜವಾದದ್ದೇ.

"ಅಕ್ಕು, ಬನ್ರೀ! ನಾನು ನೀರಿಗೆ ಹೋಗಿದ್ದಾಗ ಇವರು ನನ್ನ ಡಬ್ಬೀನೂ ತೆಗೆದು ಹನ್ನೆರಡೂ ಹುಳ ತಾವೇ ಕಚ್ಚಿಸಿಕೊಂಡುಬಿಟ್ಟಿದಾರೆ! ಒಂದಕ್ಕಿಂತ ಹೆಚ್ಚಾದ್ರೆ ಜೀವ ಹೋಗತ್ತೆ ಅಂತ ಚೆನ್ನಯ ಅಷ್ಟು ಹೇಳಿದ್ರು!"

ಅಕ್ಕು, ಅವಳ ಗಂಡ ದೂಜ, ಕಾರಿಡಾರಿನಲ್ಲಿದ್ದ ಮೂರು ನಾಲ್ಕು ಮಂದಿ ಒಳಗೆ ನುಗ್ಗಿದರು. ಅಕ್ಕು ಪೇಪರನ್ನು ಸರಿಸಿದಳು.

ರಾಮಸ್ವಾಮಿ ಕಣ್ಣುಜ್ಜಿಕೊಂಡು ಎದ್ದು ಕೂತ. "ಏನ್ರೀ ಇದು ಗಲಾಟೆ?"

"ನೀವು ಹನ್ನೆರಡು ಹುಳ ಕಚ್ಚಿಸಿಕೊಂಡದ್ದಂತೆ?" ಎಂದಳು ಅಕ್ಕು.

"ನಾನೆಲ್ಲಿ ಕಚ್ಚಿಸಿಕೊಂಡೆ? ಇವಳೇ ಹಾಕಿದ್ದು. ಚೆನ್ನಯ ಹನ್ನೆರಡು ಅಂದ್ರಂತೆ."

ಅಮ್ಮಣ್ಣಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಈಗಷ್ಟೇ ತಾನು ಕೂಗಿ ಹೇಳಿದ್ದು ಎಲ್ಲರ ಮುಖದಲ್ಲೂ ಕಾಣುತ್ತಿತ್ತು.

"ಎಂತ ಕತೆ ಇದು?" ಎಂದ ದೂಜ. "ಒಂದರ ಮೇಲೆ ಹಾಕಿದ್ರೆ ಜೀವ ಹೋಗ್ತದೆ ಅಂತ ಗೊತ್ತಿದ್ದೂ ಇವರು ಹನ್ನೆರಡು ಹಾಕಿದ್ದಾ? ಮತ್ತೆ ನಿಮಗೆ ಎಂತ ಸಹ ಆಗ್ಲಿಲ್ವಲ್ಲ ಸಾರ್!" ರಾಮಸ್ವಾಮಿಗೆ ಇನ್ನೂ ನಿದ್ದೆ ಪೂರ್ತಿ ಬಿಟ್ಟಿರಲಿಲ್ಲ. "ಏನಾಗತ್ತೆ? ಮೊನ್ನೆ ಭಾನುವಾರ ತಾನೇ ಮುಲುಂಡಲ್ಲಿ ಹದಿನೈದು..." ಎಂದವನು ಹೆಂಡತಿಯ ಮುಖ ಕಂಡು ಬಾಯಿ ಮುಚ್ಚಿಕೊಂಡ. ದೂಜ ಅಷ್ಟರಲ್ಲಿ ಚಪ್ಪಲಿ ಮೆಟ್ಟಿ, ಚೆನ್ನಯನನ್ನೇ ಕೇಳಿ ಬರುತ್ತೇನೆಂದು ಮೆಟ್ಟಿಲಿಳಿಯುತ್ತಿದ್ದ. ಚೆನ್ನಯನಲ್ಲಿ ಚಿಕಿತ್ಸೆ ನಿಲ್ಲಿಸಿದ್ದವನು ರಾಮಸ್ವಾಮಿ. ವಿನೋದಿನಿ ನಿಲ್ಲಿಸಿರಲಿಲ್ಲ. ಈಗಲೂ ಪ್ರತಿ ಶನಿವಾರ ಅವಳು ತನ್ನ ಬೆರಳಿಗೆಂದು ಚೆನ್ನಯನಿಂದ ಒಂದು ಡಬ್ಬಿ ತುಂಬ ಹುಳ ಒಯ್ಯುತ್ತಿದ್ದಳು. ಭಾನುವಾರ ಅದರಲ್ಲಿ ರಾಮಸ್ವಾಮಿಯ ಮಂಡಿಗೂ ಪಾಲಿತ್ತು.