ಹಿಂದಕ್ಕೆ ಎಳೆಯುವ ಹಗ್ಗ

ಹಗ್ಗ ಎಳೆದದ್ದು ಅವನು. ಎಳೆಸಿಕೊಂಡದ್ದೂ ಅವನೇ! ಹುಲ್ಲು ಕತ್ತರಿಸುವ ಮಷೀನು ಢಬ್ ಅಂತ ಸದ್ದು ಮಾಡಿ, ಸ್ಟಾರ್ಟರ್ ಹಗ್ಗವನ್ನು ಅವನ ಕೈಯಿಂದ ಕಿತ್ತುಕೊಂಡು ಒಳಗೆ ನುಂಗಿತು. ಬೆರಳು ಚುರ್ ಅಂದಿತು. ನಾಲ್ಕು ದಿನದಿಂದ ಇದೇ ಹಾಡು.

"ನಿನಗೇನೂ ಬರಲ್ಲ ಅಂತ ಮಷೀನಿಗೂ ಗೊತ್ತಾಗಿದೆ ಕಣೋ," ಅಂದಳು ಕೌಂಟರಿನಲ್ಲಿ ವಾಷರ್‌ಗಳನ್ನು ಡಬ್ಬಿಗೆ ತುಂಬುತ್ತಿದ್ದ ಅತ್ತಿಗೆ.

"ಮೆಲ್ಲಗೆ ಅತ್ತಿಗೆ! ಅವರು ಬರೋ ಹೊತ್ತಾಯ್ತು."

ವಿಷಯ ಇಷ್ಟೇ. ಅವನು ನೀರಿನ ಪಂಪ್ ರಿಪೇರಿ ಮಾಡುವವನು. ಹುಲ್ಲಿನ ಮಷೀನನ್ನು ಜನ್ಮದಲ್ಲಿ ಬಿಚ್ಚಿದವನಲ್ಲ. ಆದರೆ ಆಸ್ಪತ್ರೆಯ ತೋಟ ನೋಡಿಕೊಳ್ಳುವ ಆ ಹುಡುಗಿ, ಹಣೆಯ ಮೇಲೆ ಒಣಗಿದ ಮಣ್ಣಿನ ಗೆರೆ ಸಮೇತ ಬಂದು, "ಪೆಟ್ರೋಲ್ ಸೋರ್ತಿದೆ, ಇದು ನಿಮಗೆ ಬರುತ್ತಾ?" ಅಂತ ಕಣ್ಣರಳಿಸಿ ಕೇಳಿದಾಗ, "ಅಯ್ಯೋ, ನೀರು ಕುಡಿದಷ್ಟು ಸುಲಭ" ಅಂದುಬಿಟ್ಟಿದ್ದ. ಸೋರಿಕೆಯೇನೋ ನಿಂತಿತು, ಒದೆತ ಶುರುವಾಯಿತು. ಈಗ ನಿಜ ಹೇಳಿದರೆ ಅವಳು ಮಷೀನು ಎತ್ತಿಕೊಂಡು ಹೋಗುತ್ತಾಳೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಅದೊಂದೇ ಅವನ ಭಯ.

ಅವಳು ಬಂದಳು. ಬ್ಯಾಗ್ ಪಕ್ಕಕ್ಕಿಟ್ಟು ಮಷೀನಿನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ನಮ್ಮಲ್ಲಿ ಒಂದು ದಿನಾನೂ ಹೀಗೆ ಮಾಡಿಲ್ಲ ರೀ. ಹಗ್ಗ ಯಾಕೆ ಹಿಂದಕ್ಕೆ ಎಳೆಯುತ್ತೆ?"

"ಪಿಸ್ಟನ್ ಮೇಲಕ್ಕೆ ತಲುಪೋ ಮುಂಚೆನೇ ಕಿಡಿ ಹತ್ತುತ್ತೆ. ಪಿಸ್ಟನ್ ಬಂದ ದಾರೀಲೇ ವಾಪಸ್, ಜೊತೆಗೆ ಹಗ್ಗಾನೂ."

"ಮುಂಚೆ ಯಾಕೆ ಹತ್ತುತ್ತೆ?"

"ಶಾಫ್ಟಿನ ಜೊತೆ ತಿರುಗೋ ಚಕ್ರ, ಫ್ಲೈವೀಲ್, ಅದನ್ನ ಹಿಡಿದಿರೋ ಚಿಕ್ಕ ಕೀಲು ಮುರಿದು, ವೀಲ್ ಜರುಗಿದ್ರೆ ಹಾಗಾಗುತ್ತೆ. ಬಿಚ್ಚಿ ನೋಡ್ದೆ. ಎಲ್ಲಾ ನೆಟ್ಟಗಿದೆ."

"ಮತ್ತೆ ಯಾಕೆ?"

ಅವಳ ಈ ಪ್ರಶ್ನೆಗಳೆಂದರೆ ಅವನಿಗೆ ಪ್ರಾಣ. ಕೇಳುವಾಗ ಅವಳ ತಲೆ ಒಂದು ಕಡೆ ವಾಲುತ್ತದೆ, ಕೆಳತುಟಿ ಹಲ್ಲಿಗೆ ಸಿಗುತ್ತದೆ. ಆದರೆ ಇವತ್ತು ಅವನು ಬಿಗಿದಿದ್ದ ಬೋಲ್ಟನ್ನೇ ಮತ್ತೆ ಬಿಗಿಯತೊಡಗಿದ.

"ನಾಳೆ ಹುಲ್ಲು ಕತ್ತರಿಸಲೇಬೇಕು. ಇವತ್ತು ಆಗದಿದ್ರೆ ಬೇರೆ ಅಂಗಡಿಗೆ ಕೊಡ್ತೀನಿ," ಅಂದಳು. ಅವಳ ಕಣ್ಣು ಅವನ ಊದಿದ ಬೆರಳಿನ ಮೇಲಿತ್ತು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

"ಹೊಟ್ಟೆಗೆ ಹಾಕ್ಕೊಳ್ಳಿ. ನಾನು ಸುಳ್ಳು ಹೇಳ್ದೆ. ನನಗೆ ಬರೋದು ಪಂಪ್ ಒಂದೇ. ಬರಲ್ಲ ಅಂದಿದ್ರೆ ನೀವು ಹೊರಟುಹೋಗ್ತಿದ್ರಿ. ನೀವು ಹೋಗೋದು ನನಗೆ ಬೇಡವಾಗಿತ್ತು."

ಅತ್ತಿಗೆಯ ಡಬ್ಬಿಯ ಸದ್ದು ನಿಂತಿತು. ಹುಡುಗಿ ಬೈಯಲಿಲ್ಲ, ನಗಲೂ ಇಲ್ಲ. ಮಷೀನನ್ನು ಅವನ ಕಡೆಗೆ ತಳ್ಳಿ, "ಸರಿ, ಇದೂ ಒಂದು ಪಂಪ್ ಅಂದ್ಕೊಳ್ಳಿ. ಆಗ ಏನು ನೋಡ್ತಿದ್ರಿ?" ಅಂದಳು.

"ಶಾಫ್ಟಿನ ಆ ತುದೀಲಿ ಏನು ತಿರುಗ್ತಿದೆ ಅಂತ..." ಹೇಳುತ್ತಲೇ ಮಷೀನನ್ನು ವಾಲಿಸಿದ. ಶಾಫ್ಟಿನ ತುದಿ ಬೋಳು. ಬ್ಲೇಡ್ ಇಲ್ಲದ್ದು ಒಳ್ಳೆಯದೇ ಆಯಿತು, ಕೈ ಕೊಯ್ಯುವುದಿಲ್ಲ ಅಂತ ನಾಲ್ಕು ದಿನವೂ ಸುಮ್ಮನಿದ್ದ.

"ಬ್ಲೇಡ್ ಎಲ್ರೀ?"

"ಆಟೋದಲ್ಲಿ ಯಾರಿಗಾದ್ರೂ ತಾಗೀತು ಅಂತ ಬಿಚ್ಚಿ ಮನೇಲಿಟ್ಟಿದ್ದೆ. ಸಾಣೆ ಹಿಡಿದು ಇವತ್ತು ತಂದಿದ್ದೀನಿ. ಬ್ಯಾಗಲ್ಲಿದೆ."

"ಭಾರ! ಇದಕ್ಕೆ ಭಾರಾನೇ ಇಲ್ಲ! ಫ್ಲೈವೀಲ್ ಹಗುರ. ಬ್ಲೇಡಿನ ತೂಕಾನೂ ಸೇರಿದ್ರೇನೇ, ಕಿಡಿ ಸ್ವಲ್ಪ ಮುಂಚೆ ಹತ್ತಿದ್ರೂ ಪಿಸ್ಟನ್ ಆ ಕಡೆಗೆ ದಾಟೋದು!"

ಪ್ಲಗ್ಗಿನ ವೈರ್ ತೆಗೆದಿಟ್ಟು, ಇಬ್ಬರೂ ಸೇರಿ ಬ್ಲೇಡ್ ಹಾಕಿ ಬೋಲ್ಟ್ ಬಿಗಿದರು. ವೈರ್ ಮತ್ತೆ ಸಿಕ್ಕಿಸಿದ ಮೇಲೆ ಅವಳೇ ಹಗ್ಗ ಎಳೆದಳು. ಮೊದಲ ಎಳೆತಕ್ಕೇ ಮಷೀನು ಗುರ್ ಅಂತ ಓಡಿತು. ಅವನಿಗೆ ಕುಣಿಯುವಷ್ಟು ಖುಷಿ, ಮರುಕ್ಷಣವೇ ಮುಖ ಸಪ್ಪಗಾಯಿತು. ರಿಪೇರಿ ಮುಗಿಯಿತಲ್ಲ!

ಅವಳು ಮಷೀನು ಆಫ್ ಮಾಡಿದಳು.

"ನಮ್ಮ ಆಸ್ಪತ್ರೆ ಗೇಟಿನ ಎದುರೇ ಹುಲ್ಲಿನ ಮಷೀನಿನ ಅಂಗಡಿ ಇದೆ. ಅದನ್ನ ಬಿಟ್ಟು, ಆಟೋ ಮಾಡ್ಕೊಂಡು, ಪಂಪ್ ರಿಪೇರಿ ಅಂತ ಬೋರ್ಡ್ ಹಾಕಿರೋ ಕಡೆ ಬಂದೆ. ಯಾಕೆ ಅಂತ ಒಂದು ಸಲಾನಾದ್ರೂ ಕೇಳಿದ್ರಾ?"

"ಯಾಕೆ?" ಅಂದ ಅವನು.

"ಹೋದ ವರ್ಷ ನಮ್ಮಲ್ಲಿ ಪಂಪ್ ಸರಿಮಾಡೋಕೆ ಬಂದಿದ್ರಿ. ಕೆಲಸ ಮುಗಿದ್ಮೇಲೆ, ತುಳಿದ ಸಸಿಗಳನ್ನೆಲ್ಲ ಒಂದೊಂದಾಗಿ ಎತ್ತಿ ನಿಲ್ಲಿಸಿ, ಬುಡಕ್ಕೆ ಮಣ್ಣು ಒತ್ತಿ ಹೋದ್ರಿ. ನಾನು ಕಿಟಕಿಯಿಂದ ನೋಡ್ತಿದ್ದೆ." ಅವಳ ಕಿವಿ ಕೆಂಪಾಗಿತ್ತು. "ಅವತ್ತಿಂದ ಆ ಪಂಪ್ ಕೆಡಲಿ, ನೀವು ಇನ್ನೊಂದ್ಸಲ ಬರಲಿ ಅಂತ ಕಾಯ್ತಾನೇ ಇದ್ದೆ. ಎಂಥ ರಿಪೇರಿ ಮಾಡಿದ್ರೋ ಏನೋ, ಹಾಳಾದ್ದು ಕೆಡಲೇ ಇಲ್ಲ!"